ಪಾರಿವಾಳದ ಹಿಕ್ಕೆಗೆ ಹಾಕಿದ ಬೀಗ

ವಿಶ್ವವಿದ್ಯಾಲಯದಲ್ಲಿ ಎದುರಿಗೆ ಸಿಕ್ಕಾಗ ಎಲ್ಲರೂ ಅವಳನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಬೆನ್ನು ತಿರುಗಿಸಿದರೆ ಹಿಕ್ಕೆ ಮೇಡಂ. ಅದರಲ್ಲಿ ಯಾರದೂ ತಪ್ಪಿರಲಿಲ್ಲ. ಹದಿನಾಲ್ಕು ವರ್ಷದಿಂದ ಅವಳು ಒಣಗಿಸಿದ್ದು, ತೂಗಿದ್ದು, ಪುಡಿ ಮಾಡಿ ಗಾಜಿನ ಕೊಳವೆಯಲ್ಲಿ ಕುದಿಸಿದ್ದು ಎಲ್ಲವೂ ಪಾರಿವಾಳದ ಹಿಕ್ಕೆಯೇ. ಹಿಕ್ಕೆ ಬಿದ್ದ ತಗಡು ಎಷ್ಟು ದಿನಕ್ಕೆ ತೂತಾಗುತ್ತದೆ ಎಂಬುದು ಅವಳ ಪ್ರಶ್ನೆ. ನಗುವವರು ನಗಬಹುದು. ತಗಡಿನ ಕೆಳಗೆ ಮಲಗುವವರು ನಗುವುದಿಲ್ಲ. ಅವಳಮ್ಮ ಮಾತ್ರ ನೆಂಟರ ಮುಂದೆ "ಮಗಳು ಕಟ್ಟಡಗಳ ಡಾಕ್ಟರು" ಎಂದಷ್ಟೇ ಹೇಳಿ ಮಾತು ತೇಲಿಸಿಬಿಡುತ್ತಿದ್ದರು.

ಛಾವಣಿಗಳ ಮೇಲೆ ಸಂಶೋಧನೆ ಮಾಡುವ ಈಕೆಗೆ ಒಂದು ಸಣ್ಣ ತೊಂದರೆಯಿತ್ತು. ಏಣಿಯ ಮೂರನೇ ಮೆಟ್ಟಿಲಿಗೆ ಕಾಲಿಟ್ಟರೆ ಕಣ್ಣು ಕತ್ತಲೆ ಬರುತ್ತಿತ್ತು. ಹಾಗಾಗಿ ಹತ್ತುವ ಕೆಲಸವೆಲ್ಲ ಸೋದರಮಾವನದು. ಮಾವನಿಗೆ ಅರವತ್ತಾರು. ಮೂವತ್ತೆರಡು ವರ್ಷ ಊರಿನ ಛಾವಣಿಗಳಿಗೆ ತಗಡು ಹೊದಿಸಿ, ತೇಪೆ ಹಾಕಿ, ಬಣ್ಣ ಬಳಿದು, ಕೆಲಸ ಬಿಟ್ಟ ಮೇಲೆ ನೆಲದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಕೂತಿದ್ದ ಮನುಷ್ಯ. ಸೊಸೆ ಬಂದು, "ಮಾವ, ಸ್ವಲ್ಪ ಮೇಲೆ ಹತ್ತಬೇಕಿತ್ತು" ಎಂದಾಗ, ಏನು ಎತ್ತ ಎಂದು ಕೇಳದೆ ಏಣಿ ತೆಗೆದುಕೊಂಡು ಹೊರಟಿದ್ದ.

ಕೆಲಸ ಸರಳವಾಗಿತ್ತು. ಹನ್ನೆರಡು ಕಟ್ಟಡಗಳ ಛಾವಣಿಯ ಮೇಲೆ ಹನ್ನೆರಡು ಮರದ ಚೌಕಟ್ಟು. ಪ್ರತಿ ಚೌಕಟ್ಟಿನ ಮೇಲೆ ಒಂದು ಅಂಕಿ, ಅದರೊಳಗೆ ಅಂಗೈಯಗಲದ ಹೊಸ ತಗಡು. ಒಂದು ವರ್ಷ ಪಾರಿವಾಳಗಳು ತಮ್ಮ ಕರ್ತವ್ಯ ಮಾಡಲಿ ಎಂದು ಬಿಟ್ಟು, ಆಮೇಲೆ ತಗಡನ್ನು ಬಿಚ್ಚಿ ತಂದು ತೂಗುವುದು. ಕಟ್ಟಡದವರು ಸುಲಭಕ್ಕೆ ಒಪ್ಪಿರಲಿಲ್ಲ. ಮಾವ ಒಬ್ಬೊಬ್ಬರ ಹತ್ತಿರವೂ ಹೋಗಿ, "ಕೊನೆಗೆ ಏನು ಗೊತ್ತಾಯ್ತು ಅಂತ ನಿಮಗೂ ಓದೋಕೆ ಕೊಡ್ತೀವಿ" ಎಂದು ಮಾತು ಕೊಟ್ಟು ಒಪ್ಪಿಸಿದ್ದ.

ವರ್ಷ ಕಳೆದ ಮೇಲೆ ಎರಡೇ ದಿನದಲ್ಲಿ ಹನ್ನೆರಡನ್ನೂ ಇಳಿಸಿದರು. ಮಾವ ಮೇಲಿನಿಂದ ಚೌಕಟ್ಟಿನ ಅಂಕಿಯನ್ನು ಕೂಗುತ್ತಿದ್ದ, ತಗಡನ್ನು ಚೀಲದಲ್ಲಿಟ್ಟು ಹಗ್ಗದಲ್ಲಿ ಇಳಿಬಿಡುತ್ತಿದ್ದ. ಅವಳು ಕೆಳಗೆ ನಿಂತು, ಅವಸರದಲ್ಲಿ ಕಟ್ಟಡವನ್ನೂ ತಗಡನ್ನೂ ನೋಡದೆ, ಕೂಗಿದ ಅಂಕಿಯನ್ನೇ ಲಕೋಟೆಯ ಮೇಲೆ ಬರೆದು ತಗಡನ್ನು ಅದರೊಳಗೆ ಸೇರಿಸುತ್ತಿದ್ದಳು.

ಎರಡನೇ ದಿನ ಸಂಜೆ ಪ್ರಯೋಗಾಲಯದ ಮೇಜಿನ ಮೇಲೆ ಲಕೋಟೆಗಳನ್ನು ಸಾಲಾಗಿ ಜೋಡಿಸಿ ಎಣಿಸಿದಳು. ಏಳು ಎಂದು ಬರೆದ ಲಕೋಟೆ ಎರಡಿದ್ದವು. ನಾಲ್ಕು ಒಂದೂ ಇರಲಿಲ್ಲ. ನಾಲ್ಕು ಅಂದರೆ ಬೇಕರಿ, ಏಳು ಅಂದರೆ ಕೋರ್ಟು. ಒಂದು ಲಕೋಟೆಯ ತಗಡು ಜರಡಿಯ ಹಾಗೆ ತೂತಾಗಿತ್ತು. ಇನ್ನೊಂದಕ್ಕೆ ಸ್ವಲ್ಪ ಮಂಕು ಹಿಡಿದಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಆಗಲೇ ಮಾವನಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಡಾಕ್ಟರೇಟ್ ಪಡೆದವಳು ಹನ್ನೆರಡರ ತನಕ ಎಣಿಸಲು ಎಡವಿದೆ ಎಂದು ಹೇಗೆ ಹೇಳುವುದು? ಅವಳೇ ಕೂತು ಯೋಚಿಸಿದಳು. ಕೋರ್ಟಿನಲ್ಲಿ ವಕೀಲರಿಗಿಂತ ಪಾರಿವಾಳಗಳೇ ಜಾಸ್ತಿ. ಜರಡಿಯಾದದ್ದು ಅಲ್ಲಿಯದೇ ಇರಬೇಕು. ಚೆನ್ನಾಗಿರುವುದು ಬೇಕರಿಯದು. ಏಳನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದಳು. ದೀಪ ಆರಿಸಿ ಮನೆಗೆ ಹೋದಳು.

ಅಷ್ಟಕ್ಕೇ ಮುಗಿದಿದ್ದರೆ ಒಂದು ಕೋಷ್ಟಕದ ಎರಡು ಸಾಲು ಅದಲುಬದಲಾಗಿ, ಜಗತ್ತು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಆದರೆ ಅವಳ ವಿಭಾಗದ ಮುಖ್ಯಸ್ಥರು ಸುಮ್ಮನೆ ಕೂರುವವರಲ್ಲ. ತಮ್ಮ ಲೇಖನಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ನೋಡಿಕೊಳ್ಳುವ ಅಭ್ಯಾಸದಿಂದ ಅವರಿಗೆ ಉಲ್ಲೇಖರಾಯರು ಎಂದು ಹೆಸರು ಬಿದ್ದಿತ್ತು. ಕೋಷ್ಟಕ ನೋಡಿದ್ದೇ ಅವರು ಕುರ್ಚಿಯಿಂದ ಎದ್ದುಬಿಟ್ಟರು.

"ಬೇಕರಿ ಮೇಲೆ ಹಕ್ಕಿ ಕಡಿಮೆಯೇನಮ್ಮಾ?"

"ಇಲ್ಲ ಸಾರ್, ತುಂಬಾನೇ ಇದಾವೆ."

"ಆದ್ರೂ ತಗಡಿಗೆ ಏನೂ ಆಗಿಲ್ಲ! ಯಾಕೆ? ಒಲೆಯ ಬಿಸಿ! ಬಿಸಿಗೆ ಹಿಕ್ಕೆ ಬಿದ್ದ ತಕ್ಷಣ ಒಣಗುತ್ತೆ. ಒಣಗಿದ ಹಿಕ್ಕೆ ತಗಡನ್ನ ಕಚ್ಚಲ್ಲ. ಬೆಚ್ಚಗಿನ ಛಾವಣಿ ಸಿದ್ಧಾಂತ!"

ಸಿದ್ಧಾಂತಕ್ಕೆ ಹೆಸರಿಟ್ಟ ಮೇಲೆ ಅದನ್ನು ಕೊಲ್ಲುವುದು ಕಷ್ಟ. ಅವಳು ಲಕೋಟೆಯ ಮಾತೆತ್ತದೆ ಲೇಖನ ಬರೆದಳು. ಅದು ಇಬ್ಬರ ಹೆಸರಿನಲ್ಲೂ ಬಹಳ ಗೌರವದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ವಿಭಾಗದಲ್ಲಿ ಕೇಕು ಕತ್ತರಿಸಿದರು. ಓದಿದವರು ಯಾರೂ ಕಾಣಲಿಲ್ಲ, ತಿಂದವರು ಬಹಳ.

ಏಳು ತಿಂಗಳ ನಂತರ ಒಂದು ದಿನ ಮಾವ ಕಟಿಂಗ್ ಶಾಪಿನಲ್ಲಿ ಕೂತು ಸೊಸೆಯ ಲೇಖನದ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ. ಶಾಪಿನವನು ಕತ್ತರಿ ನಿಲ್ಲಿಸಿ, "ಎಲ್ಲಿ, ತೋರಿಸು" ಎಂದು ತನ್ನ ಫೋನು ಕೊಟ್ಟ. ಹುಡುಕಿದರು. ಸಿಕ್ಕಿತು. ಲೇಖನದ ಹೆಸರು, ಸೊಸೆಯ ಹೆಸರು, ನಾಲ್ಕು ಸಾಲಿನ ಸಾರಾಂಶ, ಅದರ ಕೆಳಗೆ ಒಂದು ಬೀಗದ ಚಿತ್ರ. ಒಂದು ದಿನದ ಮಟ್ಟಿಗೆ ಓದಲು ಇಷ್ಟು ಹಣ ಕೊಡಿ ಎಂದಿತ್ತು. ಶಾಪಿನವನು ಅಂಕಿಯನ್ನು ಎರಡು ಸಲ ಓದಿ, "ಇಷ್ಟಕ್ಕೆ ನಾನು ಹದಿನೇಳು ತಲೆ ಬೋಳಿಸಬೇಕು" ಎಂದ.

ಮಾರನೇ ದಿನ ಬೆಳಿಗ್ಗೆ ಮಾವ ಅವಳ ಮನೆಯ ಅಡುಗೆಕೋಣೆಯಲ್ಲಿ ಹಾಜರಿದ್ದ.

"ನಾನು ಹತ್ತಿದ ಛಾವಣಿ, ನಾನು ಇಳಿಸಿದ ಹಿಕ್ಕೆ. ಅದನ್ನ ಓದೋಕೆ ನಾನೇ ದುಡ್ಡು ಕೊಡಬೇಕೇನೇ?"

"ಅಯ್ಯೋ ಮಾವ, ನನ್ನ ಹತ್ರ ಪ್ರತಿ ಇದೆ. ಪ್ರಿಂಟ್ ತೆಗೆದು ಕೊಡ್ತೀನಿ."

"ನನಗೆ ಕೊಡ್ತೀಯ, ಸರಿ. ಬೇಕರಿಯವನಿಗೆ? ಕೋರ್ಟಿನ ಕಾವಲಿನವನಿಗೆ? ಹನ್ನೆರಡು ಜನಕ್ಕೆ ಮಾತು ಕೊಟ್ಟಿದ್ದೀನಿ. ಎಲ್ಲರಿಗೂ ಕದ್ದು ಹಂಚ್ತೀಯಾ? ನಿನ್ನ ಲೇಖನ ತಾನೇ ಇದು? ಬೀಗ ಹಾಕಿದ್ದು ಯಾರು?"

ಯಾರು ಎಂದು ಅವಳಿಗೂ ಸರಿಯಾಗಿ ತಿಳಿದಿರಲಿಲ್ಲ. ಪತ್ರಿಕೆಯವರು ಕಳಿಸಿದ ಒಪ್ಪಂದಕ್ಕೆ ಓದದೆ ಸಹಿ ಹಾಕಿದ್ದಳು. ಕಚೇರಿಗೆ ಹೋಗಿ ತನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಅಲ್ಲೂ ಬೀಗ. ಖರ್ಚು ಉಳಿಸಲು ವಿಶ್ವವಿದ್ಯಾಲಯ ಆ ವರ್ಷ ಆ ಪತ್ರಿಕೆಯ ಚಂದಾ ನಿಲ್ಲಿಸಿತ್ತು. ತಾನು ಬರೆದದ್ದರ ಬಾಗಿಲ ಮುಂದೆ ತಾನೇ ಹೊರಗಿನವಳಂತೆ ನಿಂತಿದ್ದಳು.

ಗ್ರಂಥಾಲಯದ ಎರಡನೇ ಮಹಡಿಯಲ್ಲಿ, ನಕಲು ಯಂತ್ರದ ಪಕ್ಕದ ಕೋಣೆಯಲ್ಲಿ, ಒಬ್ಬ ಗ್ರಂಥಪಾಲಕಿ ಇದ್ದರು. ಬಾಗಿಲಿನ ಮೇಲೆ 'ಮುಕ್ತ ಪ್ರಕಟಣೆ ಸಲಹಾ ಕೇಂದ್ರ' ಎಂಬ ಹಲಗೆ. ಆರು ವರ್ಷದಿಂದ ಆ ಹಲಗೆಯ ಕೆಳಗೆ ಕೂತಿದ್ದ ಅವರನ್ನು ಜನ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಶೌಚಾಲಯ ಎಲ್ಲಿದೆ? ಹಿಕ್ಕೆ ಮೇಡಂ ಒಳಗೆ ಬಂದಾಗಲೂ ಅವರು ತಲೆಯೆತ್ತದೆ, "ಎಡಕ್ಕೆ ಹೋಗಿ ಕೊನೇ ಬಾಗಿಲು" ಎಂದರು.

"ಅಲ್ಲ, ನನ್ನ ಲೇಖನ ಎಲ್ಲರೂ ಓದೋ ಹಾಗೆ ಮಾಡಬೇಕಿತ್ತು."

ಗ್ರಂಥಪಾಲಕಿ ಕನ್ನಡಕ ತೆಗೆದರು. ಎದ್ದು ಹೋಗಿ ಬಾಗಿಲು ಹಾಕಿದರು, ಬಂದವಳು ಓಡಿಹೋಗದಿರಲಿ ಎಂಬಂತೆ.

"ಮೂರು ದಾರಿ ಇದೆ," ಎಂದರು. "ಮೊದಲನೇದು, ಪತ್ರಿಕೆಯವರಿಗೇ ಶುಲ್ಕ ಕಟ್ಟಿ ಬೀಗ ತೆಗೆಸೋದು. ಓದುವವರ ಬದಲು ಬರೆದವರೇ ಕೊಡೋದು."

"ಎಷ್ಟು?"

ಗ್ರಂಥಪಾಲಕಿ ಹೇಳಿದರು. ಅವಳ ನಾಲ್ಕು ತಿಂಗಳ ಸಂಬಳ.

"ಎರಡನೇದು?"

"ಎರಡನೇದು ಇನ್ನೊಂದು ಲೇಖನಕ್ಕೆ. ಮುಂದೆ ಬರೆಯೋವಾಗ ನೆನಪಿಡಿ. ಓದುವವರಿಗೂ ಉಚಿತ, ಬರೆಯುವವರಿಗೂ ಉಚಿತ, ಅಂಥ ಪತ್ರಿಕೆಗಳೂ ಇದಾವೆ. ಯಾವುದೋ ಸಂಘ, ಯಾವುದೋ ವಿಶ್ವವಿದ್ಯಾಲಯ ಖರ್ಚು ನೋಡಿಕೊಳ್ಳುತ್ತೆ."

"ನನಗೆ ದಿನಾ ಮೇಲ್ ಬರುತ್ತಲ್ಲ, ನಮ್ಮಲ್ಲಿ ಪ್ರಕಟಿಸಿ, ಎಲ್ಲರಿಗೂ ಮುಕ್ತ ಅಂತ?"

"ಯಾರು ಕಳಿಸ್ತಾರೆ?"

ಅವಳು ಫೋನು ತೆಗೆದು ತೋರಿಸಿದಳು. ಪಕ್ಷಿಶಾಸ್ತ್ರ ಮತ್ತು ದಂತವೈದ್ಯದ ಜಾಗತಿಕ ಪತ್ರಿಕೆಯೊಂದು 'ಮಾನ್ಯ ಡಾಕ್ಟರ್ ಪಾರಿವಾಳ ಅವರೇ' ಎಂದು ಸಂಬೋಧಿಸಿ, ನಲವತ್ತೆಂಟು ಗಂಟೆಯಲ್ಲಿ ಪರಿಶೀಲಿಸಿ ಅಚ್ಚು ಮಾಡುವುದಾಗಿ ಆಣೆ ಮಾಡಿತ್ತು.

"ಹಕ್ಕಿಗೆ ಹಲ್ಲೇ ಇಲ್ಲ," ಎಂದರು ಗ್ರಂಥಪಾಲಕಿ. "ಇವರು ಯಾರೂ ಪರಿಶೀಲಿಸಲ್ಲ. ದುಡ್ಡು ತಗೊಂಡು ನೀವು ಕೊಟ್ಟಿದ್ದನ್ನ ಹಾಗೇ ಹಾಕ್ತಾರೆ. ದಿನಸಿ ಚೀಟಿ ಕಳಿಸಿದ್ರೂ ಹಾಕ್ತಾರೆ. ಅಳಿಸಿಬಿಡಿ. ಈಗ ಮೂರನೇದು ಕೇಳಿ. ನೀವು ಸಹಿ ಹಾಕಿದ ಒಪ್ಪಂದ ಇದೆಯಾ?"

ಒಪ್ಪಂದವನ್ನು ಆ ಕೋಣೆಯಲ್ಲಿ ಮೊದಲ ಸಲ ಓದಿದರು. ಒಂಬತ್ತನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಬೇಕಾದ್ದು ಸಿಕ್ಕಿತು. ಪತ್ರಿಕೆ ನೇಮಿಸಿದ ಪರಿಶೀಲಕರು ಒಪ್ಪಿದ ಕೊನೆಯ ಕರಡನ್ನು, ಪತ್ರಿಕೆ ಅಂದ ಮಾಡಿ ಅಚ್ಚು ಹಾಕಿದ ಪ್ರತಿಯನ್ನಲ್ಲ, ಲೇಖಕಿಯೇ ಟೈಪ್ ಮಾಡಿದ ಪ್ರತಿಯನ್ನು, ಆರು ತಿಂಗಳಾದ ಮೇಲೆ ತನ್ನ ವಿಶ್ವವಿದ್ಯಾಲಯದ ಆನ್‌ಲೈನ್ ಭಂಡಾರದಲ್ಲಿ ಎಲ್ಲರಿಗೂ ಕಾಣುವಂತೆ ಇಡಬಹುದು.

"ಏಳು ತಿಂಗಳಾಯ್ತು," ಎಂದಳು ಅವಳು. "ಇದಕ್ಕೆ ಎಷ್ಟು?"

"ಏನೂ ಇಲ್ಲ. ಒಂದು ಅರ್ಜಿ. ನಿಮ್ಮ ಮುಖ್ಯಸ್ಥರ ಒಪ್ಪಿಗೆ ಇದ್ರೆ ಒಳ್ಳೇದು, ಅವರೂ ಲೇಖಕರಲ್ವಾ."

ಉಲ್ಲೇಖರಾಯರು ಮೊದಲು ಮುಖ ಸಿಂಡರಿಸಿದರು. "ಬಿಟ್ಟಿ ಸಿಗೋದನ್ನ ಯಾರಮ್ಮಾ ಗೌರವಿಸ್ತಾರೆ?" ಎಂದರು. ಎಲ್ಲರಿಗೂ ಸಿಗುವ ಲೇಖನಗಳನ್ನು ಹೆಚ್ಚು ಜನ ಉಲ್ಲೇಖಿಸುವ ಸಾಧ್ಯತೆ ಇದೆಯಂತೆ ಎಂದು ಅವಳು ಹೇಳಿದ್ದೇ ತಡ, ಪೆನ್ನು ಎಲ್ಲಿ ಎಂದು ಜೇಬು ತಡಕಿದರು.

ಹೀಗೆ ಬೀಗ ತೆರೆಯಿತು. ಮಾವ ಹನ್ನೆರಡು ಕಟ್ಟಡಗಳಿಗೂ ನಡೆದು ಹೋಗಿ, ಲಿಂಕ್ ಬರೆದ ಚೀಟಿ ಹಂಚಿ ಬಂದ. ಏಳು ತಿಂಗಳಲ್ಲಿ ಪತ್ರಿಕೆಯ ಪುಟವನ್ನು ತೆರೆದವರು ಎಷ್ಟೋ ಗೊತ್ತಿಲ್ಲ, ಭಂಡಾರದ ಪ್ರತಿಯನ್ನು ಮೂರೇ ವಾರದಲ್ಲಿ ನಾನ್ನೂರ ಹನ್ನೆರಡು ಜನ ಇಳಿಸಿಕೊಂಡರು. ಉಲ್ಲೇಖರಾಯರು ಈಗ ಹಲ್ಲುಜ್ಜುವ ಮೊದಲು ಎರಡು ಲೆಕ್ಕ ನೋಡಬೇಕಾಯಿತು. ದೂರದ ಯಾವುದೋ ಊರಿನ ಆಸ್ಪತ್ರೆಯ ಕಟ್ಟಡ ಮೇಲ್ವಿಚಾರಕರೊಬ್ಬರು ಅವಳಿಗೆ ಬಹಳ ವಿನಯದ ಪತ್ರ ಬರೆದರು. ನಮ್ಮ ಅಡುಗೆಮನೆಯ ಛಾವಣಿ ಸದಾ ಬೆಚ್ಚಗಿರುತ್ತದೆ, ನಿಮ್ಮ ಸಿದ್ಧಾಂತದ ಪ್ರಕಾರ ಅಲ್ಲಿ ಹಿಕ್ಕೆ ತೆಗೆಸುವ ಅಗತ್ಯವಿಲ್ಲವೆಂದು ತಿಳಿದು ಸಂತೋಷವಾಯಿತು, ಇನ್ನು ಮುಂದೆ ಆ ಕೆಲಸ ನಿಲ್ಲಿಸಬೇಕೆಂದಿದ್ದೇವೆ. ಅವಳು ಪತ್ರವನ್ನು ಮಡಿಸಿ ಪುಸ್ತಕದ ಕೆಳಗೆ ಸರಿಸಿದಳು. ಉತ್ತರ ನಾಳೆ ಬರೆದರಾಯಿತು ಎಂದುಕೊಂಡಳು.

ಆ ನಾಳೆ ಮಾವ ಬಂದ. ಮುಖದಲ್ಲಿ ನಗುವಿರಲಿಲ್ಲ. ಕಂಕುಳಲ್ಲಿ ಪ್ರಿಂಟ್ ಮಾಡಿದ ಲೇಖನ, ಪುಟಪುಟಕ್ಕೂ ಪೆನ್ಸಿಲಿನ ಗೆರೆ. ಕಟಿಂಗ್ ಶಾಪಿನಲ್ಲಿ ಕೂತು, ಕಷ್ಟದ ಪದಗಳಿಗೆ ಅರ್ಥ ಹುಡುಕಿ, ಶಾಪಿನವನೂ ಮಾವನೂ ನಾಲ್ಕು ದಿನ ಓದಿದ್ದರಂತೆ. ಬೇಕರಿಯವನೂ ಬಂದು ಕೂತಿದ್ದನಂತೆ.

"ಬೇಕರಿ ತಗಡು ಚೆನ್ನಾಗಿತ್ತು ಅಂತ ಬರೆದಿದ್ದೀಯಲ್ಲ," ಎಂದ. "ಬೇಕರಿಯವನು ಹೊಟ್ಟೆ ಹಿಡಿದು ನಕ್ಕ ಕಣೇ. ಅವನ ಮಾಡಿನ ತಗಡನ್ನ ಎರಡು ಸಲ ಬದಲಾಯಿಸಿದ್ದು ನಾನೇ. ಒಂದು ಸಲ ನನ್ನ ಕಾಲು ಮೊಣಕಾಲಿನ ತನಕ ಒಳಗೆ ಇಳಿದಿತ್ತು, ಕೆಳಗೆ ಹಿಟ್ಟು ನಾದುತ್ತಿದ್ದವರು ಕಿರುಚಿಕೊಂಡಿದ್ರು. ನಿನ್ನ ಚೌಕಟ್ಟಿನಿಂದ ನಾನು ಬಿಚ್ಚಿ ಇಳಿಸಿದ ತುಂಡೂ ಜರಡಿ ಆಗಿತ್ತು. ನನ್ನ ಕೈಯಾರೆ ಚೀಲಕ್ಕೆ ಹಾಕಿದ್ದೀನಿ."

ಅವಳು ಕುರ್ಚಿಯಲ್ಲಿ ಕೂತಳು. ಎರಡು ಲಕೋಟೆಯ ವಿಷಯ ಒಂದೂ ಬಿಡದೆ ಹೇಳಿದಳು.

"ನೀವೇ ಮಾವ, ಎರಡು ಕಡೆನೂ ಏಳು ಏಳು ಅಂತ ಕೂಗಿದ್ರಿ!"

ಮಾವ ಕಣ್ಣು ಮುಚ್ಚಿ ಆ ದಿನವನ್ನು ನೆನಪು ಮಾಡಿಕೊಂಡ. ಆಮೇಲೆ ಹಣೆ ಚಚ್ಚಿಕೊಂಡ.

"ಬೇಕರಿ ಮೇಲೆ ಚೌಕಟ್ಟಿನ ಮೇಲೇ ಒಂದು ಪಾರಿವಾಳ ಕೂತಿತ್ತು. ಎಷ್ಟು ಓಡಿಸಿದ್ರೂ ಕದಲಲಿಲ್ಲ. ಏಳು, ಏಳು ಅಂತ ಅದಕ್ಕೆ ಗದರಿಸಿದೆ. ಅದು ಎದ್ದ ಮೇಲೆ ನಾಲ್ಕು ಅಂದೆ!"

ಅವಳು ಆ ನಾಲ್ಕನ್ನು ಕೇಳಿಸಿಕೊಂಡಿರಲಿಲ್ಲ. ಆಗಲೇ ಏಳು ಎಂದು ಬರೆದು ಲಕೋಟೆ ಹಿಡಿದು ನಿಂತಿದ್ದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಮಾವ ನಕ್ಕ. ಅವಳಿಗೂ ತಡೆಯಲಾಗಲಿಲ್ಲ. ಒಂದು ಪಾರಿವಾಳಕ್ಕೆ ಎದ್ದೇಳು ಎಂದದ್ದಕ್ಕೆ ವಿಜ್ಞಾನದಲ್ಲಿ ಒಂದು ಸಿದ್ಧಾಂತ ಹುಟ್ಟಿತ್ತು. ನಗು ನಿಂತ ಮೇಲೆ ಮಾವ ಮೆಲ್ಲಗೆ, "ನನ್ನನ್ನ ಒಂದು ಮಾತು ಕೇಳಬಹುದಿತ್ತು" ಎಂದ. ಬೈದಿದ್ದರೆ ವಾಸಿಯಿತ್ತು ಎನಿಸಿತು ಅವಳಿಗೆ.

"ನಾಚಿಕೆ ಆಯ್ತು ಮಾವ."

"ಆಗ ಆಗಿದ್ದು ಚೂರು. ಈಗ ನಾನ್ನೂರು ಜನರ ಮುಂದೆ."

ಉಲ್ಲೇಖರಾಯರ ಕೋಣೆಗೆ ಹೋಗಿ ಹೇಳಿದಾಗ ಅವರು ಎದ್ದು ಕಿಟಕಿ ಮುಚ್ಚಿದರು.

"ಯಾರಿಗೆ ಗೊತ್ತು ಇದು?"

"ನನಗೆ, ನನ್ನ ಮಾವನಿಗೆ, ಬೇಕರಿಯವರಿಗೆ, ಕಟಿಂಗ್ ಶಾಪಿನವರಿಗೆ."

"ಅಂದ್ರೆ ವಿದ್ವಾಂಸರು ಯಾರಿಗೂ ಗೊತ್ತಿಲ್ಲ. ಬಿಡು ಹಾಗಾದ್ರೆ. ಮುಂದಿನ ತಿಂಗಳು ಸಮ್ಮೇಳನದಲ್ಲಿ ನಾನು ಇದರ ಮೇಲೇ ಭಾಷಣ ಮಾಡಬೇಕು. ಆವತ್ತೇ ಹೇಳಿದೆ, ಬೀಗ ಇರಲಿ ಅಂತ. ಬೀಗ ಇದ್ದಿದ್ರೆ ಈ ಕಟಿಂಗ್ ಶಾಪಿನ ಕಾಟ ಇರ್ತಿತ್ತಾ?"

ಅವಳು ಆಸ್ಪತ್ರೆಯ ಪತ್ರವನ್ನು ಮೇಜಿನ ಮೇಲಿಟ್ಟಳು. ಅವರು ಓದಿದರು. ಮತ್ತೊಮ್ಮೆ ಓದಿದರು.

"ಅಡುಗೆಮನೆಯ ಮೇಲೆ ಹಿಕ್ಕೆ ಹಾಗೇ ಬಿಡ್ತಾರೆ ಸಾರ್, ನಮ್ಮ ಮಾತು ನಂಬಿ. ಮಾಡು ತೂತಾದ್ರೆ ಬೀಳೋದು ರೋಗಿಗಳ ಊಟದ ಪಾತ್ರೆಗೆ."

ಉಲ್ಲೇಖರಾಯರು ಕೆಟ್ಟವರಲ್ಲ. ಲೆಕ್ಕದ ಹುಚ್ಚು ಅಷ್ಟೆ. ಪತ್ರವನ್ನು ಮಡಿಸಿ ಅವಳಿಗೆ ವಾಪಸ್ ಕೊಟ್ಟರು. "ಬರೆದುಬಿಡು," ಎಂದರು ಕೊನೆಗೆ. "ಆದ್ರೆ ಪಾರಿವಾಳಕ್ಕೆ ಗದರಿಸಿದ್ದು ಗಿದರಿಸಿದ್ದು ಬೇಡ. ಮಾದರಿಗಳ ಗುರುತಿನಲ್ಲಿ ವ್ಯತ್ಯಾಸ ಆಯ್ತು ಅಂತ ಬರಿ."

ಅವಳು ಮೊದಲು ಆಸ್ಪತ್ರೆಗೆ ಬರೆದಳು. ಆಮೇಲೆ ಪತ್ರಿಕೆಗೆ. ಎರಡೂ ತಗಡಿನ ತುಂಡುಗಳನ್ನು ಕಪಾಟಿನಿಂದ ತೆಗೆದು, ಚೌಕಟ್ಟಿನ ಮೊಳೆಯ ಗುರುತಿಗೆ ಹೊಂದಿಸಿ ನೋಡಿ, ಯಾವುದು ಎಲ್ಲಿಯದೆಂದು ಖಚಿತ ಮಾಡಿಕೊಂಡಿದ್ದಳು. ಮಾವನ ಮಾತು ಸರಿಯಾಗಿತ್ತು. ಬಿಸಿ ಕಾಪಾಡುವುದಿರಲಿ, ಬೇಕರಿಯ ಬೆಚ್ಚನೆಯ ಹಬೆ ಹಿಕ್ಕೆಯನ್ನು ಸದಾ ತೇವವಾಗಿಟ್ಟು, ಕೋರ್ಟಿನ ಒಣ ಹಿಕ್ಕೆಗಿಂತ ಎಷ್ಟೋ ಬೇಗ ತಗಡನ್ನು ಸವೆಸಿತ್ತು ಎಂದು ತೋರುತ್ತಿತ್ತು.

ಒಂದೂವರೆ ತಿಂಗಳಿಗೆ ಪತ್ರಿಕೆ ತಿದ್ದುಪಡಿ ಪ್ರಕಟಿಸಿತು. ಅವಳು ತೆರೆದು ನೋಡಿದಳು. ಎಲ್ಲೂ ಬೀಗವಿಲ್ಲ. ತಿದ್ದುಪಡಿಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು ಎಂಬುದು ಆ ಪತ್ರಿಕೆಯ ನಿಯಮವಂತೆ. ಅವಳು ಮಾಡಿದ ತಪ್ಪನ್ನು ಲೋಕವೆಲ್ಲ ಪುಕ್ಕಟೆ ನೋಡಬಹುದಿತ್ತು. ಕೋಷ್ಟಕದಲ್ಲಿ ಮೊದಲಿಂದಲೂ ಸರಿಯಿದ್ದ ಹತ್ತು ಸಾಲನ್ನು ಆ ಪತ್ರಿಕೆಯಲ್ಲಿ ನೋಡಲು ಮಾತ್ರ ಹದಿನೇಳು ತಲೆ ಬೋಳಿಸಬೇಕಿತ್ತು. ಭಂಡಾರದ ಪ್ರತಿಯ ನೆತ್ತಿಯ ಮೇಲೆ ಗ್ರಂಥಪಾಲಕಿ ದಪ್ಪಕ್ಷರದಲ್ಲಿ ಟಿಪ್ಪಣಿ ಹಾಕಿ, ತಿದ್ದಿದ ಪ್ರತಿಯನ್ನೂ ಪಕ್ಕದಲ್ಲಿಟ್ಟರು. "ಆರು ವರ್ಷದಲ್ಲಿ ಇಷ್ಟು ಕೆಲಸ ಕೊಟ್ಟವರು ನೀವೇ," ಎಂದು ಕೈ ಕುಲುಕಿದರು.

ಸಮ್ಮೇಳನದಲ್ಲಿ ಉಲ್ಲೇಖರಾಯರು ನಿಶ್ಚಯಿಸಿದ್ದ ದಿನಕ್ಕೇ ಭಾಷಣ ಮಾಡಿದರು. 'ಬೆಚ್ಚಗಿನ ಛಾವಣಿಯ ಅಪಾಯ'. ಚಿತ್ರಗಳೆಲ್ಲ ಹಳೆಯವೇ, ಒಂದು ಬಾಣದ ಗುರುತನ್ನು ಮಾತ್ರ ತಿರುಗಿಸಿದ್ದರು. ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಮುಂದಿನ ವರ್ಷ ಅವಳು ಬಿಸಿ ಛಾವಣಿಗಳನ್ನೇ ಹಿಡಿದಳು. ಎರಡು ಬೇಕರಿ, ಒಂದು ಬಟ್ಟೆ ಒಗೆಯುವ ಅಂಗಡಿ, ಒಂದು ಕ್ಯಾಂಟೀನು. ಈ ಸಲ ಬರಹಗಾರರಿಂದಲೂ ಓದುಗರಿಂದಲೂ ಏನೂ ಕೇಳದ ಪತ್ರಿಕೆಗೆ ಕಳಿಸಿದಳು. ಲೇಖಕರ ಪಟ್ಟಿಯಲ್ಲಿ ತನ್ನ ಹೆಸರಿನ ನಂತರ ಮಾವನ ಹೆಸರು ಬರೆದಳು. ಮೊದಲು ಮಾವ ಬೇಡವೆಂದ. ಆಮೇಲೆ, "ಹೆಸರು ಹಾಕೋದಾದ್ರೆ ನನಗೆ ತೋರಿಸದೆ ಒಂದು ಸಾಲೂ ಹೋಗಬಾರದು" ಎಂದು ಷರತ್ತು ಹಾಕಿದ. ಎರಡು ಪ್ಯಾರಾ ಹೊಡೆದುಹಾಕಿಸಿದ, ಅವು ಸುಮ್ಮನೆ ಜಂಬ ಎಂದು.

ಪರಿಶೀಲಕರಿಂದ ಪ್ರಶ್ನೆಗಳು ಬಂದವು. ಮೂರನೆಯದು ಖಾರವಾಗಿತ್ತು. ಪಾರಿವಾಳಗಳು ಚಿಮಣಿಯ ಪೂರ್ವದ ಬದಿಯಲ್ಲೇ ಹೆಚ್ಚು ಕೂರುತ್ತವೆ ಎಂದು ಎರಡನೇ ಲೇಖಕರು ಯಾವ ಆಧಾರದ ಮೇಲೆ ಹೇಳುತ್ತಾರೆ?

ಅವಳು ಪ್ರಶ್ನೆಯನ್ನು ಓದಿ ಹೇಳಿದಳು. ಮಾವ ಚಹಾದ ಲೋಟ ಕೆಳಗಿಟ್ಟ.

"ಬರಿ," ಎಂದ. "ಮೂವತ್ತೆರಡು ವರ್ಷ ಮಧ್ಯಾಹ್ನದ ಊಟಕ್ಕೆ ಪಶ್ಚಿಮದ ಬದಿಯಲ್ಲಿ ಕೂರ್ತಿದ್ದೆ. ಪೂರ್ವದ ಬದಿಯಲ್ಲಿ ಜಾಗ ಇರ್ತಿರಲಿಲ್ಲ."

"ಮಾವ, ಇದನ್ನ ಹೀಗೇ ಬರೆಯೋಕಾಗಲ್ಲ."

"ಯಾಕಾಗಲ್ಲ? ಸುಳ್ಳೇನು ಇದರಲ್ಲಿ?"

ಅವಳು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು. ಹಾಗೇ ಬರೆದಳು, ಒಂದು ಅಕ್ಷರವನ್ನೂ ಬದಲಿಸದೆ. ಅದರ ಕೆಳಗೆ ನಾಲ್ಕು ತಿಂಗಳ ಹಕ್ಕಿ ಎಣಿಕೆಯ ಕೋಷ್ಟಕ ಸೇರಿಸಿದಳು. ಹದಿನೈದು ದಿನದಲ್ಲಿ ಉತ್ತರ ಬಂತು. ಮೂರನೇ ಪ್ರಶ್ನೆಯ ಮುಂದೆ ಪರಿಶೀಲಕರು ಒಂದೇ ಪದ ಬರೆದಿದ್ದರು: ಒಪ್ಪಿದೆ.

ಮಾವನಿಗೆ ಫೋನು ಮಾಡಿ ಹೇಳಿದಳು. ಅತ್ತ ಕಡೆ ಗಾಳಿಯ ಸದ್ದು ಜೋರಾಗಿತ್ತು.

"ಎಲ್ಲಿದ್ದೀರಾ ಮಾವ?"

"ಅಂಚೆ ಕಚೇರಿ ಮಾಡಿನ ಮೇಲೆ. ಇಲ್ಲಿ ಏನೋ ವಿಚಿತ್ರ ಇದೆ ಕಣೇ, ಪಾರಿವಾಳ ಒಂದೂ ಇಲ್ಲ, ಆದ್ರೂ ತಗಡು ತೂತಾಗಿದೆ. ನೀನು ಬಂದು ಕೆಳಗೆ ನಿಂತ್ಕೋ. ಬರೆಯೋಕೆ ಏನಾದ್ರೂ ತಗೊಂಡು ಬಾ."